ಮೊದಲ ರೈಫಲ್‌ಗೆ 600 ಡಾಲರ್: ಕೋವಿಗೆಷ್ಟು, ತೋಟಾಗೆಷ್ಟು?

ಗ್ರೀನ್ ಕಾರ್ಡ್ ಬಂದ ವಾರವೇ ಸ್ನೇಹಿತನೊಬ್ಬ ಫೋನ್ ಮಾಡಿದ. "ಮಾರಾಯಾ, ಒಂದು ರೈಫಲ್ ತಗೋಬೇಕು ಅಂತ ಇದ್ದೇನೆ. 600 ಡಾಲರ್ ಎತ್ತಿಟ್ಟಿದ್ದೇನೆ. ಎಆರ್-15 ತಗೊಳ್ಳಲಾ?" ಎಆರ್-15 ಅಂದರೆ ಸೈನ್ಯದ ರೈಫಲ್‌ನಂತೆ ಕಾಣುವ ಒಂದು ಮಾದರಿಯ ರೈಫಲ್. ಸ್ನೇಹಿತ ತೀರ್ಥಹಳ್ಳಿ ಕಡೆಯವನು. ಅಡಿಕೆ ತೋಟಕ್ಕೆ ಹಂದಿ ಬಂದಾಗ ಅಜ್ಜ ಜೋಡು ನಳಿಗೆ ಕೋವಿ ಹಿಡಿದು ಹೊರಡುತ್ತಿದ್ದುದನ್ನು ನೋಡಿ ಬೆಳೆದವನು. ಆ ಕೋವಿಯನ್ನು ಮುಟ್ಟಲು ಮಾತ್ರ ಯಾರೂ ಬಿಟ್ಟಿರಲಿಲ್ಲ. ಈಗ ಡಲ್ಲಾಸ್ ಹತ್ತಿರ ಮನೆ, ಪಕ್ಕದಲ್ಲೇ ಶೂಟಿಂಗ್ ರೇಂಜ್.

ಅವತ್ತು ಅವನಿಗೆ ಒಂದೂವರೆ ಗಂಟೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅಮೆರಿಕದಲ್ಲಿರುವ ನಮ್ಮವರು ಇದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. 600ರಲ್ಲಿ ಅರ್ಧ ಮಾತ್ರ ರೈಫಲ್‌ಗೆ ಹೋಗಬೇಕು. ಉಳಿದರ್ಧ ತೋಟಾಗೆ, ಕಿವಿ-ಕಣ್ಣಿನ ರಕ್ಷಣೆಗೆ, ಕಲಿಯುವುದಕ್ಕೆ. ಈ ಲೆಕ್ಕ ಕೂಡಬೇಕಾದರೆ ಮೊದಲ ರೈಫಲ್ .22 ಆಗಿರಬೇಕು, ಅಂದರೆ ಸಣ್ಣ, ಅಗ್ಗದ ತೋಟಾ ಹಾಕುವ ರೈಫಲ್.

ಮೊದಲು ವೀಸಾ ನೋಡಿಕೊಳ್ಳಿ

ರೈಫಲ್ ವಿಷಯಕ್ಕೆ ಹೋಗುವ ಮುಂಚೆ ಇದನ್ನು ಗಟ್ಟಿಯಾಗಿ ಹೇಳಲೇಬೇಕು. ಎಚ್-1ಬಿ, ಎಫ್-1, ಎಲ್-1 ಥರದ ವೀಸಾದಲ್ಲಿ ಬಂದವರು ಬಂದೂಕು ಅಥವಾ ತೋಟಾ ಇಟ್ಟುಕೊಳ್ಳುವುದು ಅಮೆರಿಕದ ಫೆಡರಲ್ ಕಾನೂನಿನಲ್ಲಿ ಅಪರಾಧ. ಕೊಂಡರೆ ಮಾತ್ರ ತಪ್ಪು ಅಂತ ಅಲ್ಲ. ರೇಂಜಿನಲ್ಲಿ ಅರ್ಧ ಗಂಟೆಗೆ ಬಾಡಿಗೆ ತೆಗೆದುಕೊಂಡು ಕೈಯಲ್ಲಿ ಹಿಡಿದರೂ ಅದು "ಇಟ್ಟುಕೊಂಡ" ಹಾಗೆಯೇ ಲೆಕ್ಕ. ಕಾನೂನಿನಲ್ಲಿ ಕೆಲವು ವಿನಾಯಿತಿಗಳಿವೆ. ನಮ್ಮಂಥವರಿಗೆ ಸಂಬಂಧಪಟ್ಟದ್ದು ಒಂದೇ: ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇರಬೇಕು.

ಆಫೀಸಿನ ಗುಂಪಿನ ಜೊತೆ ವಾರಾಂತ್ಯ ರೇಂಜಿಗೆ ಹೋಗಿ ಫೋಟೋ ತೆಗೆಸಿಕೊಂಡು ಹಾಕುವ ಹುಡುಗರನ್ನು ನೋಡಿದರೆ ನನಗೆ ಎದೆ ಧಸಕ್ ಅನ್ನುತ್ತದೆ. ಈ ಅಪರಾಧಕ್ಕೆ 2022ರ ತಿದ್ದುಪಡಿಯ ನಂತರ 15 ವರ್ಷದವರೆಗೆ ಜೈಲು ಆಗಬಹುದು, ಗಡೀಪಾರು ಬೇರೆ. ಸುಮ್ನೆ ಹೆದರಿಸುತ್ತಿಲ್ಲ. ಸ್ಟೂಡೆಂಟ್ ವೀಸಾದಲ್ಲಿ ಬಂದು, ಕಾಲೇಜಿನಿಂದ ಹೊರಬಿದ್ದ ಮೇಲೂ ಉಳಿದುಕೊಂಡು, ಫ್ಲೋರಿಡಾದ ರೇಂಜಿನಲ್ಲಿ ಶೂಟ್ ಮಾಡಿದ ಒಬ್ಬ ವಿದೇಶಿ ಹುಡುಗನ ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ತನಗೆ ಇಲ್ಲಿರುವ ಹಕ್ಕಿಲ್ಲ ಅನ್ನುವುದು ಅವನಿಗೆ ಗೊತ್ತಿತ್ತು ಎಂದು ಸರ್ಕಾರ ಸಾಬೀತು ಮಾಡಬೇಕು ಎಂದು 2019ರಲ್ಲಿ ತೀರ್ಪಾಯಿತು. ಅಷ್ಟರಲ್ಲಿ ಅವನು ಪಡಬಾರದ ಪಾಡು ಪಟ್ಟಿದ್ದ. ನಿಮ್ಮದು ಅತ್ತಲೂ ಇಲ್ಲ ಇತ್ತಲೂ ಇಲ್ಲ ಅನ್ನುವಂಥ ಸ್ಥಿತಿಯಾಗಿದ್ದರೆ ಮೊದಲು ವಕೀಲರನ್ನು ಕೇಳಿ.

ಗ್ರೀನ್ ಕಾರ್ಡ್ ಇದ್ದವರು ಮತ್ತು ಪೌರರು ಕೊಳ್ಳಬಹುದು. ಅಂಗಡಿಯಲ್ಲಿ ರೈಫಲ್ ಕೊಳ್ಳಲು ಫೆಡರಲ್ ಲೆಕ್ಕದಲ್ಲಿ 18 ವರ್ಷ ತುಂಬಿರಬೇಕು. ಇದರ ಮೇಲೆ ಆಯಾ ರಾಜ್ಯದ ಕಾನೂನು ಬೇರೆ. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ನ್ಯೂಯಾರ್ಕ್, ಇಲಿನಾಯ್, ವಾಷಿಂಗ್ಟನ್ ರಾಜ್ಯಗಳಲ್ಲಿ ಎಆರ್ ಮಾದರಿಯ ರೈಫಲ್‌ಗಳಿಗೆ ನಿಷೇಧ ಅಥವಾ ಬಿಗಿ ನಿರ್ಬಂಧ ಇದೆ. ಸಿಯಾಟಲ್ ಕಡೆಯ ಕನ್ನಡಿಗರಿಗೆ ಒಂದು ಮಾತು. 2018ರಲ್ಲಿ ಜನಮತದಿಂದ ಬಂದ ವಾಷಿಂಗ್ಟನ್ ಕಾನೂನಿನ ಪ್ರಕಾರ ಎಲ್ಲ ಸೆಮಿ ಆಟೋಮ್ಯಾಟಿಕ್ ರೈಫಲ್‌ಗಳೂ ಒಂದೇ ಗುಂಪಿಗೆ ಸೇರುತ್ತವೆ, ಪುಟಾಣಿ .22 ಕೂಡ. ಅಲ್ಲಿ 21 ವರ್ಷ ಆಗಿರಬೇಕು, ಸುರಕ್ಷತಾ ತರಬೇತಿಯ ಪ್ರಮಾಣಪತ್ರವೂ ಬೇಕು.

ಸೆಮಿ ಆಟೋಮ್ಯಾಟಿಕ್ ಅಂದರೆ ಏನು?

ಟ್ರಿಗರ್ ಒಮ್ಮೆ ಎಳೆದರೆ ಒಂದೇ ಈಡು. ಆದರೆ ಖಾಲಿ ಕವಚವನ್ನು ಹೊರಗೆಸೆದು ಮುಂದಿನ ತೋಟಾ ತುಂಬುವ ಕೆಲಸವನ್ನು ಬಂದೂಕು ತಾನೇ ಮಾಡಿಕೊಳ್ಳುತ್ತದೆ. ಇಷ್ಟೇ. ಒತ್ತಿ ಹಿಡಿದರೆ ಗುಂಡು ಸುರಿಯುತ್ತಲೇ ಇರುವುದು ಮಷಿನ್ ಗನ್. ಅದು ಬೇರೆಯೇ ವಸ್ತು, ಬೇರೆಯೇ ಕಾನೂನು.

ಈ ಕೆಲಸ ಎರಡು ರೀತಿಯಲ್ಲಿ ನಡೆಯುತ್ತದೆ. ಎಆರ್‌ನಲ್ಲಿ ನಳಿಗೆಗೆ ಒಂದು ಸಣ್ಣ ತೂತು ಇರುತ್ತದೆ. ಗುಂಡು ಅದನ್ನು ದಾಟಿದಾಗ ಸ್ವಲ್ಪ ಬಿಸಿ ಗ್ಯಾಸ್ ಹಿಂದಕ್ಕೆ ಬಂದು, ತೋಟಾದ ಹಿಂಬದಿಯನ್ನು ಮುಚ್ಚಿ ಬಿಗಿಯಾಗಿ ಕೂತ ಬೋಲ್ಟನ್ನು (ಉಕ್ಕಿನ ತುಂಡು) ತಿರುಗಿಸಿ, ಬಿಡಿಸಿ, ಹಿಂದೆ ತಳ್ಳುತ್ತದೆ. .22ರಲ್ಲಿ ಇದ್ಯಾವುದೂ ಇಲ್ಲ. ಬೋಲ್ಟಿಗೆ ಬೀಗವೇ ಇಲ್ಲ. ಅದರ ಭಾರ ಮತ್ತು ಹಿಂದಿನ ಸ್ಪ್ರಿಂಗ್ ಎರಡೇ ತೋಟಾವನ್ನು ಒತ್ತಿ ಹಿಡಿದಿರುತ್ತವೆ. ತೋಟಾ ಸಿಡಿದಾಗ ಗುಂಡು ಮುಂದಕ್ಕೆ ಹೋದಂತೆ ಖಾಲಿ ಕವಚ ಹಿಂದಕ್ಕೆ ಒದೆಯುತ್ತದೆ. ಗುಂಡು ಹಗುರ, ಬೋಲ್ಟ್ ಭಾರ. ಹಾಗಾಗಿ ಬೋಲ್ಟ್ ತೆರೆದುಕೊಳ್ಳುವಷ್ಟರಲ್ಲಿ ಗುಂಡು ನಳಿಗೆ ಬಿಟ್ಟು ಹೋಗಿರುತ್ತದೆ.

ಇದು ತಿಳಿದಿದ್ದರೆ ಮುಂದೆ ಬರುವ ಒಂದು ತಲೆನೋವು ತಾನಾಗಿ ಅರ್ಥವಾಗುತ್ತದೆ. .22 ತೋಟಾದ ಶಕ್ತಿ ಕಡಿಮೆ. ನಿಧಾನದ ತೋಟಾ ಹಾಕಿದರೆ ಬೋಲ್ಟ್ ಪೂರ್ತಿ ಹಿಂದೆ ಹೋಗುವುದಿಲ್ಲ, ಖಾಲಿ ಕವಚ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ. ಹೊಸಬರು "ರೈಫಲ್ ಸರಿ ಇಲ್ಲ" ಅಂದುಕೊಂಡು ವಾಪಸ್ ಕೊಡಲು ಹೋಗುತ್ತಾರೆ. ತೋಟಾ ಬದಲಿಸಿದರೆ ಸಾಕಿರುತ್ತದೆ.

ಲೆಕ್ಕ ಹಾಕಿ ನೋಡೋಣ

ತೋಟಾದ ಬೆಲೆ ಏರುತ್ತದೆ, ಇಳಿಯುತ್ತದೆ. ಅಂದಾಜಿಗೆ .22ರ ಒಂದು ತೋಟಾ 8 ಸೆಂಟ್, ಎಆರ್ ತಿನ್ನುವ .223 ಒಂದಕ್ಕೆ 45 ಸೆಂಟ್ ಅಂತ ಹಿಡಿಯಿರಿ. ಒಂದು ಸಲ ರೇಂಜಿಗೆ ಹೋದರೆ 200 ಈಡು ಆರಾಮಾಗಿ ಖರ್ಚಾಗುತ್ತದೆ. .22ಕ್ಕೆ 16 ಡಾಲರ್, .223ಕ್ಕೆ 90. ತಿಂಗಳಿಗೆ ಎರಡು ಸಲದಂತೆ ವರ್ಷಕ್ಕೆ ಒಂದು 380ರ ಸುತ್ತ, ಇನ್ನೊಂದು 2,100 ದಾಟುತ್ತದೆ. 600 ಡಾಲರ್ ಇದ್ದವನು 500 ಕೊಟ್ಟು ಅಗ್ಗದ ಎಆರ್ ತಂದರೆ ಅವನ ಕೈಯಲ್ಲಿ ಉಳಿಯುವುದು ಒಂದು ದಿನದ ತೋಟಾ. ಆಮೇಲೆ ಆ ರೈಫಲ್ ಕಪಾಟಿನಲ್ಲಿ ಮಲಗುತ್ತದೆ. ಇಂಥ ರೈಫಲ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ದುಡ್ಡಿಗಿಂತ ದೊಡ್ಡ ಕಾರಣ ಇನ್ನೊಂದಿದೆ. ದೊಡ್ಡ ಸದ್ದು, ಭುಜಕ್ಕೆ ಒದೆತ ಇರುವ ಬಂದೂಕಿನಲ್ಲಿ ಶುರು ಮಾಡಿದವರಿಗೆ ಬೆಚ್ಚುವ ಅಭ್ಯಾಸ ಹತ್ತಿಬಿಡುತ್ತದೆ. ಟ್ರಿಗರ್ ಎಳೆಯುವ ಆ ಕ್ಷಣಕ್ಕೆ ಕಣ್ಣು ಮುಚ್ಚುತ್ತದೆ, ಕೈ ಬಿಗಿಯುತ್ತದೆ. ಇದನ್ನು ಕಾಣಬೇಕಾದರೆ ಜೊತೆಗಿರುವವರು ನಿಮಗೆ ಹೇಳದೆ ಮ್ಯಾಗಜೀನ್‌ನಲ್ಲಿ (ತೋಟಾ ತುಂಬುವ ಡಬ್ಬಿ) ನಿಜವಾದ ತೋಟಾಗಳ ನಡುವೆ ಒಂದು ಸಿಡಿಯದ ಡಮ್ಮಿ ತೋಟಾ ಸೇರಿಸಬೇಕು. ಅದರ ಸರದಿ ಬಂದಾಗ "ಟಕ್" ಅನ್ನುತ್ತದೆ, ಗುಂಡು ಹಾರುವುದಿಲ್ಲ, ಆದರೆ ನಳಿಗೆಯ ತುದಿ ತಟ್ಟನೆ ಕೆಳಗೆ ಬಾಗುತ್ತದೆ. ನನ್ನ ಸ್ನೇಹಿತ ಇದನ್ನು ಮೊದಲ ಸಲ ನೋಡಿದಾಗ ಎರಡು ನಿಮಿಷ ಮಾತೇ ಆಡಲಿಲ್ಲ. .22ರಲ್ಲಿ ಈ ಚಟ ಅಂಟುವುದು ಕಡಿಮೆ, ಅಂಟಿದರೂ ಬಿಡಿಸುವುದು ಸುಲಭ.

ಯಾವುದು ತಗೊಳ್ಳಲಿ?

ನನ್ನನ್ನು ಕೇಳಿದರೆ ರೂಗರ್ 10/22. 1964ರಿಂದ ಬರುತ್ತಿದೆ, ಎಪ್ಪತ್ತು ಲಕ್ಷಕ್ಕೂ ಜಾಸ್ತಿ ತಯಾರಾಗಿದೆ. ಸಾದಾ ಮಾದರಿ 300 ಡಾಲರ್ ಆಸುಪಾಸಿನಲ್ಲಿ ಸಿಗುತ್ತದೆ. ಹತ್ತು ತೋಟಾದ ಮ್ಯಾಗಜೀನ್ ಒಂದು ಪುಟ್ಟ ಚೌಕ ಡಬ್ಬಿಯಂತೆ ಹೊಟ್ಟೆಯೊಳಗೆ ಕೂರುತ್ತದೆ, ಹೊರಗೆ ಚಾಚುವುದಿಲ್ಲ. ನಳಿಗೆಯನ್ನು ಎರಡೇ ಸ್ಕ್ರೂಗಳು ಹಿಡಿದಿರುತ್ತವೆ. ಬಿಡಿಭಾಗಗಳು ಎಲ್ಲಿ ಬೇಕಾದರೂ ಸಿಗುತ್ತವೆ. ನಮ್ಮೂರಿನ ಸ್ಪ್ಲೆಂಡರ್ ಬೈಕಿನ ಹಾಗೆ ಅಂದುಕೊಳ್ಳಿ. ಯಾವ ಊರಲ್ಲಿ ಕೆಟ್ಟರೂ ರಿಪೇರಿ ಗೊತ್ತಿರುವವರು ಒಬ್ಬರು ಇದ್ದೇ ಇರುತ್ತಾರೆ.

ಇನ್ನೂ ಕಡಿಮೆಗೆ ಬೇಕಾದರೆ ಹಳೆಯ ಮಾರ್ಲಿನ್ ಮಾಡೆಲ್ 60 ನೋಡಿ. ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟಾ ತುಂಬುವ ರೈಫಲ್, ಗುರಿ ಚೆನ್ನಾಗಿದೆ. ಆದರೆ ತುಂಬುವಾಗ ಕೈ ನಳಿಗೆಯ ಬಾಯಿಯ ಹತ್ತಿರ ಹೋಗುತ್ತದೆ, ಅದು ನನಗೆ ಹಿಡಿಸುವುದಿಲ್ಲ. ಎಆರ್‌ನ ಕೈಚಳಕವನ್ನೇ ಕಲಿಯಬೇಕು ಅನ್ನುವವರಿಗೆ ಸ್ಮಿತ್ ಆಂಡ್ ವೆಸನ್‌ನ ಎಂ ಆಂಡ್ ಪಿ 15-22 ಇದೆ. ಸೇಫ್ಟಿ (ಟ್ರಿಗರ್ ಎಳೆಯದಂತೆ ತಡೆಯುವ ಗುಂಡಿ), ಮ್ಯಾಗಜೀನ್ ಗುಂಡಿ ಎಲ್ಲವೂ ಎಆರ್ ಇದ್ದ ಜಾಗದಲ್ಲೇ. ಬೆಲೆ ಸ್ವಲ್ಪ ಜಾಸ್ತಿ, ನಿಮ್ಮ ರಾಜ್ಯದಲ್ಲಿ ನಡೆಯುತ್ತದೆಯೇ ನೋಡಿಕೊಳ್ಳಬೇಕು.

ಇಷ್ಟು ಹೇಳಿದ ಮೇಲೂ "ಇಲ್ಲ, ನನಗೆ ಎಆರ್ ಬೇಕೇ ಬೇಕು" ಅನ್ನುವವರಿಗೆ ಮೂರು ಮಾತು. ಕಂಪನಿಯೇ ಜೋಡಿಸಿ ಕೊಟ್ಟದ್ದನ್ನು ತೆಗೆದುಕೊಳ್ಳಿ. ನಳಿಗೆ 16 ಇಂಚಿಗಿಂತ ಗಿಡ್ಡ ಇರಬಾರದು, ಅದಕ್ಕಿಂತ ಗಿಡ್ಡದ್ದಕ್ಕೆ ಪ್ರತ್ಯೇಕ ಫೆಡರಲ್ ನೋಂದಣಿ ಬೇಕು. ನಳಿಗೆಯ ಮೇಲೆ 5.56 (.223ನ್ನೇ ಹೋಲುವ ಸೈನ್ಯದ ತೋಟಾ) ಎಂದು ಕೆತ್ತಿದ್ದರೆ .223 ತೋಟಾವನ್ನೂ ಹಾಕಬಹುದು, ಬರೀ .223 ಎಂದಿದ್ದರೆ 5.56 ಹಾಕಬೇಡಿ, ಒತ್ತಡ ಮಿತಿ ಮೀರಬಹುದು.

ಹಳೆಯ ರೈಫಲ್ ನೋಡುವಾಗ ಮೊದಲು ಖಾಲಿ ಎಂದು ಖಚಿತ ಮಾಡಿಕೊಳ್ಳಿ. ಆಮೇಲೆ ಬೋಲ್ಟ್ ತೆರೆದು ನಳಿಗೆಯೊಳಗೆ ಬೆಳಕು ಹಾಯಿಸಿ ತುಕ್ಕು ಇದೆಯೇ ನೋಡಿ. ನಳಿಗೆಯ ಬಾಯಿಯ ಅಂಚು ಜಜ್ಜಿರಬಾರದು. ಗುಂಡು ಕೊನೆಯದಾಗಿ ಮುಟ್ಟಿ ಹೋಗುವುದು ಅದನ್ನೇ. ಅಲ್ಲಿ ಗಾಯವಾಗಿದ್ದರೆ ಗುರಿ ಓರೆ. ಅಪರಿಚಿತರಿಂದ ಕೊಳ್ಳುವುದಾದರೂ ಲೈಸೆನ್ಸ್ ಇರುವ ಅಂಗಡಿಯ ಮೂಲಕ ಮಾಡಿಸಿ. ಸ್ವಲ್ಪ ಶುಲ್ಕ ಆಗುತ್ತದೆ, ನೆಮ್ಮದಿ ಇರುತ್ತದೆ.

ಅಂಗಡಿಯಲ್ಲಿ 4473 ಎಂಬ ಫಾರಂ ತುಂಬಬೇಕು. ಗ್ರೀನ್ ಕಾರ್ಡ್‌ನವರು ತಮ್ಮ ವಲಸೆ ಗುರುತಿನ ಸಂಖ್ಯೆಯಾದ ಎ-ನಂಬರ್ ಬರೆಯಬೇಕು. ಎಫ್‌ಬಿಐನ ಹಿನ್ನೆಲೆ ತಪಾಸಣೆ ಹಲವು ಸಲ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಫಾರಂನ ಒಂದು ಪ್ರಶ್ನೆ: ಇದನ್ನು ನಿಜವಾಗಿ ಕೊಳ್ಳುತ್ತಿರುವವರು ನೀವೇನಾ? ಎಚ್-1ಬಿಯಲ್ಲಿರುವ ತಮ್ಮನೋ ಭಾವನೋ "ನನ್ನ ಪರವಾಗಿ ನೀನೇ ತಗೋ" ಅಂದರೆ ದಯವಿಟ್ಟು ಒಪ್ಪಬೇಡಿ. ಅದು ಇಬ್ಬರಿಗೂ ಜೈಲಿನ ದಾರಿ.

ಏನು ಜೋಡಿಸಬೇಕು, ಏನು ಬೇಡ

ಮೊದಲು ಒಂದು ಕಾಸೂ ಖರ್ಚಿಲ್ಲದ ಪರೀಕ್ಷೆ. ಎರಡೂ ಕೈ ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ಬಿಟ್ಟು ಅದರಲ್ಲಿ ದೂರದ ಗಡಿಯಾರ ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣಿಗೆ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತದೋ ಅದು ನಿಮ್ಮ ಮೇಲುಗೈ ಕಣ್ಣು. ಬಲಗೈಯವರಿಗೆ ಎಡಗಣ್ಣು ಮೇಲುಗೈ ಇದ್ದರೆ, ಎಡ ಭುಜಕ್ಕೆ ಇಟ್ಟು ಕಲಿಯುವುದನ್ನು ಮೊದಲ ದಿನವೇ ಪ್ರಯತ್ನಿಸಿ ನೋಡಿ.

ರೈಫಲ್ ಜೊತೆ ಬರುವ, ಗುರಿ ಹಿಡಿಯುವ ಕಬ್ಬಿಣದ ಕಡ್ಡಿಗಳಲ್ಲೇ ಮೊದಲ 500 ಈಡು ಹೊಡೆಯಿರಿ. ಕಣ್ಣು ನಲವತ್ತು ದಾಟಿದ್ದರೆ ಮುಂದಿನ ಕಡ್ಡಿ ಮಸುಕಾಗುತ್ತದೆ, ನನಗೂ ಆಗಿದೆ. ಆಗ ಸ್ಕೋಪ್ (ರೈಫಲ್ ಮೇಲೆ ಕೂರಿಸುವ ದುರ್ಬೀನು) ತೆಗೆದುಕೊಳ್ಳಿ. ಆದರೆ .22ಕ್ಕೆಂದೇ ಮಾಡಿದ್ದನ್ನು ಕೇಳಿ. ಕಾರಣ ಇದೆ. ಸ್ಕೋಪಿನೊಳಗಿನ ಅಡ್ಡಗೆರೆ ಮತ್ತು ಗುರಿಯ ಚಿತ್ರ ಒಂದೇ ಮಟ್ಟದಲ್ಲಿ ಕೂಡುವುದು ಒಂದು ನಿರ್ದಿಷ್ಟ ದೂರದಲ್ಲಿ ಮಾತ್ರ. ಬೇರೆ ದೂರದಲ್ಲಿ ತಲೆ ಸ್ವಲ್ಪ ಅಲುಗಿದರೂ ಗೆರೆ ಗುರಿಯ ಮೇಲೆ ಜಾರುತ್ತದೆ. ದೊಡ್ಡ ರೈಫಲ್‌ಗಳ ಸ್ಕೋಪ್‌ಗಳನ್ನು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ, .22ರದ್ದನ್ನು 50ರ ಆಸುಪಾಸಿಗೆ. ನೀವು ಹೊಡೆಯುವುದೂ ಆ ದೂರದಲ್ಲೇ ಅಲ್ವಾ?

ಸ್ಕೋಪ್ ಹೊಂದಿಸುವಾಗ ಎಲ್ಲರೂ ಎಡವುವ ಜಾಗ ಇದು. ಹೆಚ್ಚಿನ ಸ್ಕೋಪ್‌ಗಳಲ್ಲಿ ತಿರುಗುಂಡಿಯ ಒಂದು ಕ್ಲಿಕ್ ಗುಂಡು ಬೀಳುವ ಜಾಗವನ್ನು 100 ಗಜದಲ್ಲಿ ಕಾಲು ಇಂಚು ಸರಿಸುತ್ತದೆ. 25 ಗಜಕ್ಕೆ ಬಂದರೆ ಅದೇ ಕ್ಲಿಕ್ ಬರೀ ಹದಿನಾರನೇ ಒಂದು ಇಂಚು. ಗುಂಡು ಒಂದಿಂಚು ಕೆಳಗೆ ಬಿದ್ದರೆ 16 ಕ್ಲಿಕ್ ತಿರುಗಿಸಬೇಕು. ಜನ ನಾಲ್ಕು ತಿರುಗಿಸಿ "ಏನೂ ಆಗ್ಲಿಲ್ಲ" ಅನ್ನುತ್ತಾರೆ. ಒಂದೊಂದು ಗುಂಡಿಗೆಲ್ಲ ತಿರುಗಿಸಲೂ ಬೇಡಿ. ಮರಳಿನ ಚೀಲದ ಮೇಲೆ ರೈಫಲ್ ಇಟ್ಟು ಐದು ಹೊಡೆಯಿರಿ, ಐದರ ನಡುಬಿಂದು ನೋಡಿ ತಿರುಗಿಸಿ. 50 ಗಜಕ್ಕೆ ಹೊಂದಿಸಿದ .22ರ ಗುಂಡು 100 ಗಜಕ್ಕೆ ಹೋಗುವಷ್ಟರಲ್ಲಿ ಆರೇಳು ಇಂಚು ಇಳಿದಿರುತ್ತದೆ.

ಸ್ಲಿಂಗ್ ಅಂದರೆ ಬರೀ ಹೆಗಲಿಗೆ ಹಾಕುವ ಪಟ್ಟಿ ಅಂತ ನಾನೂ ಅಂದುಕೊಂಡಿದ್ದೆ. ಅದರ ಕುಣಿಕೆಯನ್ನು ಎಡತೋಳಿಗೆ ಬಿಗಿದರೆ ಮೂಳೆಗಳೇ ರೈಫಲ್ ಹೊರುತ್ತವೆ, ಸ್ನಾಯು ನಡುಗುವುದು ನಿಲ್ಲುತ್ತದೆ. ಸೈನ್ಯದ ಹಳೆಯ ಮಾದರಿಯ ಪಟ್ಟಿ ಅಗ್ಗಕ್ಕೆ ಸಿಗುತ್ತದೆ. ಇದನ್ನೆಲ್ಲ ಎದುರು ನಿಂತು ಕಲಿಸುವವರು ಪ್ರಾಜೆಕ್ಟ್ ಆಪಲ್‌ಸೀಡ್‌ನವರು. ಸ್ವಯಂಸೇವಕರು ಬಹಳ ರಾಜ್ಯಗಳಲ್ಲಿ ವಾರಾಂತ್ಯದ ಶಿಬಿರ ನಡೆಸುತ್ತಾರೆ. 25 ಮೀಟರ್ ದೂರದಲ್ಲಿ, ಹೆಚ್ಚಿನವರು .22ರಲ್ಲೇ. ಅವರ ಪರೀಕ್ಷೆಯಲ್ಲಿ 250ಕ್ಕೆ 210 ಬಂದರೆ "ರೈಫಲ್‌ಮ್ಯಾನ್" ಎಂಬ ಬಿಲ್ಲೆ ಕೊಡುತ್ತಾರೆ. 600ರಲ್ಲಿ ಉಳಿಸಿಕೊಂಡ ದುಡ್ಡಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಎರಡು ಹೆಚ್ಚುವರಿ ಮ್ಯಾಗಜೀನ್ ಇರಲಿ. ಹೊಸ ಟ್ರಿಗರ್, ದಪ್ಪ ನಳಿಗೆ, ಬಣ್ಣದ ಹಿಡಿ ಯಾವುದೂ ಮೊದಲ ವರ್ಷ ಬೇಡ. ಕಿವಿಗೆ ಮಾತ್ರ ಜಿಪುಣತನ ಮಾಡಬೇಡಿ. .22ರ ಸದ್ದು ಸಣ್ಣದು ಅನಿಸುತ್ತದೆ, ಆದರೂ 140 ಡೆಸಿಬೆಲ್ ಸುತ್ತ ಇರುತ್ತದೆ. ಕಿವಿ ಹಾಳಾದರೆ ವಾಪಸ್ ಬರುವುದಿಲ್ಲ.

ರೇಂಜಿನಲ್ಲಿ ಮೊದಲ ದಿನ

ಎಲ್ಲಕ್ಕಿಂತ ಮುಂಚೆ ಖಾಲಿ ಮಾಡುವುದನ್ನು ಕಲಿಯಿರಿ. 10/22ರಲ್ಲಿ ಕೊನೆಯ ಈಡಾದ ಮೇಲೆ ಬೋಲ್ಟ್ ತೆರೆದು ನಿಲ್ಲುವುದಿಲ್ಲ, ಮುಚ್ಚಿಕೊಳ್ಳುತ್ತದೆ. ಹೊರಗಿಂದ ನೋಡಿದರೆ ತುಂಬಿದ ರೈಫಲ್, ಖಾಲಿ ರೈಫಲ್ ಎರಡೂ ಒಂದೇ ಥರ. ಮ್ಯಾಗಜೀನ್ ತೆಗೆದರೆ ಖಾಲಿಯಾಯಿತು ಅನ್ನುವುದು ಜೀವ ತೆಗೆಯುವ ತಪ್ಪು. ಒಂದು ತೋಟಾ ನಳಿಗೆಯ ಬುಡದಲ್ಲಿ ಇನ್ನೂ ಕೂತಿರಬಹುದು. ಕ್ರಮ ಹೀಗೆ: ನಳಿಗೆ ಗುರಿಯ ಕಡೆಗೇ ಇರಲಿ, ಬೆರಳು ಟ್ರಿಗರ್ ಹೊರಗೆ. ಸೇಫ್ಟಿ ಹಾಕಿ. ಮ್ಯಾಗಜೀನ್ ತೆಗೆಯಿರಿ. ಬೋಲ್ಟನ್ನು ಪೂರ್ತಿ ಹಿಂದೆಳೆದು, ಟ್ರಿಗರ್ ಮುಂದಿರುವ ಸಣ್ಣ ಪಟ್ಟಿ ಒತ್ತಿ ಅದನ್ನು ಹಿಂದೆಯೇ ನಿಲ್ಲಿಸಿ. ಆಮೇಲೆ ನಳಿಗೆಯ ಬುಡವನ್ನು ಕಣ್ಣಲ್ಲಿ ನೋಡಿ, ಕಿರುಬೆರಳಿನಿಂದ ಮುಟ್ಟಿಯೂ ನೋಡಿ. ಆ ಪಟ್ಟಿ ಒತ್ತುವುದು ಮೊದಮೊದಲು ಕಷ್ಟ, ಬೆರಳು ಮೂರು ಬೇಕೇನೋ ಅನಿಸುತ್ತದೆ. ಹತ್ತು ಸಲ ಮಾಡಿದರೆ ಬರುತ್ತದೆ.

.22ರ ಪೆಟ್ಟಿಗೆಯ ಮೇಲೆ ಗುಂಡು ಒಂದು ಮೈಲಿಗಿಂತ ಜಾಸ್ತಿ ದೂರ ಹೋಗುತ್ತದೆ ಎಂಬ ಎಚ್ಚರಿಕೆ ಇರುತ್ತದೆ. "ಚಿಕ್ಕ ಗುಂಡು" ಅಂತ ಹಗುರ ಮಾಡಬೇಡಿ. ಗುರಿಯ ಹಿಂದೆ ಏನಿದೆ ಅನ್ನುವುದು ಗುರಿಯಷ್ಟೇ ಮುಖ್ಯ.

ಟ್ರಿಗರ್ ಎಳೆದರೂ ಸಿಡಿಯದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ. ತಡವಾಗಿ ಸಿಡಿಯುವ ತೋಟಾಗಳೂ ಇರುತ್ತವೆ. ಸದ್ದು "ಪುಸ್" ಎಂದು ಸಣ್ಣಗೆ ಬಂದರೆ ಅಲ್ಲೇ ನಿಲ್ಲಿಸಿ. ಗುಂಡು ನಳಿಗೆಯ ಮಧ್ಯೆ ಸಿಕ್ಕಿರಬಹುದು, ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಒಡೆಯುತ್ತದೆ.

ಮೊದಲ ದಿನಕ್ಕೆ ನಾಲ್ಕೈದು ಬ್ರಾಂಡಿನ ಸಣ್ಣ ಪೆಟ್ಟಿಗೆಗಳನ್ನು ಒಯ್ಯಿರಿ. .22 ರೈಫಲ್‌ಗಳಿಗೆ ಒಂದೊಂದಕ್ಕೆ ಒಂದೊಂದು ರುಚಿ. ಒಂದೇ ಮಾದರಿಯ ಎರಡು ರೈಫಲ್‌ಗಳು ಬೇರೆ ಬೇರೆ ತೋಟಾ ಇಷ್ಟಪಡುತ್ತವೆ. ಯಾವುದು ಸಿಕ್ಕಿಕೊಳ್ಳದೆ ಓಡುತ್ತದೆ, ಯಾವುದರಲ್ಲಿ ಐದೂ ಗುಂಡು ಹತ್ತಿರ ಬೀಳುತ್ತವೆ ಎಂದು ಬರೆದಿಟ್ಟುಕೊಳ್ಳಿ. ಆಮೇಲೆ ಅದನ್ನೇ 500ರ ಪೆಟ್ಟಿಗೆಯಲ್ಲಿ ಕೊಳ್ಳಿ.

.22ರ ಗುಂಡು ಸೀಸದ್ದು. ಕೈ ತೊಳೆಯದೆ ಏನೂ ತಿನ್ನಬೇಡಿ, ಮನೆಗೆ ಬಂದ ಕೂಡಲೇ ಮಗುವನ್ನು ಎತ್ತಿಕೊಳ್ಳಬೇಡಿ. ಸೋಪು ಹಾಕಿ ತೊಳೆದು, ಬಟ್ಟೆ ಬದಲಿಸಿ, ಆಮೇಲೆ.

ಮನೆಗೆ ತಂದ ಮೇಲೆ

ಸ್ನೇಹಿತನ ಅಜ್ಜನ ಕೋವಿ ಗೋಡೆಯ ಗೂಟದಲ್ಲಿ ನೇತಾಡುತ್ತಿತ್ತು, ತೋಟಾ ಎಲ್ಲಿದೆ ಅಂತ ಅಜ್ಜಿಗೆ ಮಾತ್ರ ಗೊತ್ತಿತ್ತು. ಈಗಿನ ಮನೆಗೆ ಆ ಏರ್ಪಾಡು ಸಾಲದು. ರೈಫಲ್ ಬೀಗದೊಳಗೆ, ತೋಟಾ ಬೇರೆ ಬೀಗದೊಳಗೆ. ಬೋಲ್ಟಿನ ಬಾಯೊಳಗೆ ತೂರಿಸುವ ಕೇಬಲ್ ಬೀಗವನ್ನು ಪ್ರಾಜೆಕ್ಟ್ ಚೈಲ್ಡ್‌ಸೇಫ್ ಎಂಬ ಬಂದೂಕು ಸುರಕ್ಷತೆಯ ಯೋಜನೆಯ ಮೂಲಕ ಎಷ್ಟೋ ಊರಿನ ಪೊಲೀಸರು ಪುಕ್ಕಟೆ ಕೊಡುತ್ತಾರೆ.

ಮಕ್ಕಳಿಲ್ಲದ ಮನೆಯವರೂ ಇದನ್ನು ಓದಿ. ಅಮೆರಿಕದಲ್ಲಿ ಬಂದೂಕಿನಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆತ್ಮಹತ್ಯೆಗಳು. ಕೆಲಸ ಹೋದಾಗ, ಒಂಟಿತನ ಕಾಡಿದಾಗ, ಊರಿಂದ ಕೆಟ್ಟ ಸುದ್ದಿ ಬಂದಾಗ ಮನಸ್ಸು ಎತ್ತ ತಿರುಗುತ್ತದೆ ಎಂದು ಯಾರೂ ಹೇಳಲಾರರು. ಮನೆಯಲ್ಲಿ ಯಾರಿಗಾದರೂ ಅಂಥ ದಿನಗಳು ನಡೆಯುತ್ತಿದ್ದರೆ ಈಗ ಕೊಳ್ಳಬೇಡಿ. ಈಗಾಗಲೇ ಇದ್ದರೆ ಅದನ್ನು ಸ್ವಲ್ಪ ಕಾಲ ಮನೆಯಿಂದ ಹೊರಗೆ ಇಡುವ ದಾರಿ ಯಾವುದು ಎಂದು ಅಂಗಡಿಯವರನ್ನು ಕೇಳಿ. ಸಂಕೋಚ ಬೇಡ. 988ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಯಾವಾಗ ಬೇಕಾದರೂ ಮಾತಾಡುವವರು ಸಿಗುತ್ತಾರೆ.

ಕೊನೆಗೆ ಬ್ಯಾಗಿನ ವಿಷಯ. .22ರ ತೋಟಾ ಒಂದಿಂಚು ಉದ್ದ ಮಾತ್ರ. ಬ್ಯಾಗಿನ ಹೊಲಿಗೆಯಲ್ಲಿ, ಜಾಕೆಟ್ ಕಿಸೆಯ ಮೂಲೆಯಲ್ಲಿ ಅಡಗಿ ಕೂತರೆ ಕಾಣುವುದೇ ಇಲ್ಲ. ಭಾರತದ ಏರ್‌ಪೋರ್ಟಿನಲ್ಲಿ ಒಂದೇ ಒಂದು ತೋಟಾ ಸಿಕ್ಕರೂ ಆರ್ಮ್ಸ್ ಆಕ್ಟ್ ಕೆಳಗೆ ಕೇಸು ಬೀಳಬಹುದು. "ಮರೆತುಹೋಗಿತ್ತು" ಅಂತ ಸಾಬೀತು ಮಾಡಲು ಕೋರ್ಟಿಗೆ ಅಲೆಯಬೇಕು. ನನ್ನ ಸ್ನೇಹಿತ ರೇಂಜಿಗೆಂದೇ ಒಂದು ಕೆಂಪು ಬ್ಯಾಗ್ ಇಟ್ಟಿದ್ದಾನೆ, ಅದು ಗ್ಯಾರೇಜಿನಿಂದ ಮನೆಯೊಳಗೆ ಬರುವುದಿಲ್ಲ. ಊರಿಗೆ ಹೊರಡುವ ಹಿಂದಿನ ರಾತ್ರಿ ಅವನ ಹೆಂಡತಿ ಎಲ್ಲರ ಜಾಕೆಟ್ ಕಿಸೆಗಳನ್ನು ಒಳಗಿಂದ ಹೊರಕ್ಕೆ ಮಗುಚಿ ನೋಡುತ್ತಾರೆ.